ಕೆಳಗಿನ ಸಾಲು

ನಮ್ಮ ಊರಿನ ಮನೆಗಳು ಬಾಯಿಮಾತಿಗೆ ಬಗ್ಗುವುದಿಲ್ಲ, ಬರೆದದ್ದಕ್ಕೆ ಬಗ್ಗುತ್ತವೆ. ಹೊಸ್ತಿಲ ಪಕ್ಕದ ಗೋಡೆಯಲ್ಲಿ ಒಂದು ಕರಿ ಪರದೆ, ಅದರ ಕೆಳಗೊಂದು ಕೀಬೋರ್ಡು. ಹೊರಗೊಂದು ಜೊತೆ, ಒಳಗೊಂದು ಜೊತೆ. ದೀಪ ಹತ್ತಬೇಕಾದರೆ, ಬಚ್ಚಲ ಒಲೆ ಕಾಯಬೇಕಾದರೆ, ಬಾಗಿಲು ತೆರೆಯಬೇಕಾದರೆ ಅಲ್ಲಿ ಒಂದು ಸಾಲು ಒತ್ತಬೇಕು. ದಿನಾ ಬೆಳಗಾದರೆ ಉದ್ದುದ್ದ ಸಾಲು ಒತ್ತುತ್ತ ಕೂರಲು ಯಾರಿಗೆ ಪುರುಸೊತ್ತಿದೆ? ಅದಕ್ಕೇ ಎಲ್ಲರೂ ತಮ್ಮ ತಮ್ಮ ರೂಢಿಯನ್ನು ಒಂದು ಫೈಲಿನಲ್ಲಿ ಬರೆದಿಟ್ಟಿರುತ್ತಾರೆ: ನಾನು ಇಷ್ಟು ಒತ್ತಿದರೆ ಅಷ್ಟು ಅಂತ ತಿಳಿದುಕೋ, ಸಂಜೆಯಾದರೆ ಕೇಳದೆಯೇ ಜಗಲಿಯ ದೀಪ ಹಚ್ಚು, ಹೀಗೆ. ಆ ಫೈಲಿನ ಹೆಸರು ಚುಕ್ಕಿಯಿಂದ ಶುರುವಾಗುತ್ತದೆ. ಚುಕ್ಕಿ ಇದ್ದರೆ ಅದು ಮಿಕ್ಕ ಫೈಲುಗಳ ನಡುವೆ ಕಣ್ಣಿಗೆ ಬೀಳುವುದಿಲ್ಲ. ಸೊಂಟದ ಉಡಿದಾರದ ಹಾಗೆ, ಎಲ್ಲರಿಗೂ ಇದೆ, ಯಾರೂ ತೋರಿಸಿಕೊಂಡು ತಿರುಗುವುದಿಲ್ಲ. ಮನೆ ಬದಲಾಯಿಸುವವರು ಪಾತ್ರೆ ಪಡಗ ಗಾಡಿಗೆ ಹೇರುವ ಮೊದಲು ಚುಕ್ಕಿ ಫೈಲನ್ನು ಎತ್ತಿಕೊಳ್ಳುತ್ತಾರೆ. ಮಕ್ಕಳಿಗೆ ಬೇರೆ ಫೈಲಿಲ್ಲ, ತಾಯಿಯದರಲ್ಲೇ ಬೆಳೆಯುತ್ತಾರೆ. ಯಾವ ಫೈಲಿನಲ್ಲೂ ಇಲ್ಲದವರ ಬೆರಳನ್ನು ಮನೆ ಗುರುತಿಸುವುದಿಲ್ಲ. ಅಂಥವರು ಆ ಮನೆಯಲ್ಲಿ ಎಷ್ಟು ವರ್ಷ ಇದ್ದರೂ ನೆಂಟರೇ.

ನನ್ನ ಹೆಸರು ಸಾಕಮ್ಮ. ಫೈಲು ಕೂಡಿಸುವುದು ನನ್ನ ಕೆಲಸ, ಅದಕ್ಕೇ ಊರಿನ ಎಲ್ಲ ಮನೆಯ ಫೈಲೂ ನನ್ನ ಬೆರಳಿಗೆ ತೆರೆಯುತ್ತದೆ. ಮದುವೆಯಾದ ಮಾರನೆಯ ದಿನ ಗಂಡನ ಫೈಲು, ಹೆಂಡತಿಯ ಫೈಲು ಎರಡನ್ನೂ ಒಂದು ಮಾಡಿಕೊಡುತ್ತೇನೆ. ಇಬ್ಬರೂ ಪರದೆಯ ಮುಂದಿನ ಬೆಂಚಿನ ಮೇಲೆ ಕೂರಬೇಕು. ಎಲ್ಲಿ ಅವನ ಸಾಲಿಗೂ ಅವಳ ಸಾಲಿಗೂ ಜಗಳವೋ ಅಲ್ಲಿ ನಾನು ನಿಲ್ಲಿಸಿ ಎರಡನ್ನೂ ಗಟ್ಟಿಯಾಗಿ ಓದುತ್ತೇನೆ, ಅವರು ಮಾತಾಡಿಕೊಂಡು ಒಂದನ್ನು ಒಪ್ಪಿ ಇಬ್ಬರ ಬೆರಳೂ ಸೇರಿಸಿ ಎಂಟರ್ ಒತ್ತಬೇಕು. ಫ್ಯಾನಿನ ವೇಗಕ್ಕಾಗಿ ಮಾತು ಬಿಟ್ಟ ಹೊಸ ದಂಪತಿಗಳನ್ನು ನಾನು ನೋಡಿದ್ದೇನೆ. ನನಗೆ ಒಂದು ರೋಗವಿದೆ, ಸೊಟ್ಟ ಸಾಲು ಕಂಡರೆ ಕೈ ಕಡಿಯುತ್ತದೆ. ಊಟಕ್ಕೆ ಕರೆದವರ ಮನೆಯಲ್ಲೂ ಎಲೆ ಹಾಕುವ ಮೊದಲು ಅವರ ಫೈಲು ತೆಗೆದು ತಿದ್ದಿ ಬೈಸಿಕೊಂಡಿದ್ದೇನೆ. ಅಡುಗೆಮನೆಯದನ್ನು ಅಡುಗೆಮನೆಯ ಫೈಲಿಗೆ ಹಾಕಿ, ಬಾಗಿಲಿನದನ್ನು ಬಾಗಿಲಿನ ಫೈಲಿಗೆ ಹಾಕಿ, ಎಲ್ಲ ಒಂದಕ್ಕೇ ತುರುಕಬೇಡಿ ಅಂತ ಬಾಯಿ ಬಡಿದುಕೊಂಡರೂ ಕೇಳುವ ಜನ ಇದಲ್ಲ.

ಆ ದಿನ ಬೆಳಗ್ಗೆ ನಾನು ಅವರೆಕಾಯಿ ಸುಲಿಯುತ್ತ ಕೂತಿದ್ದಾಗ ಚೆನ್ನಿಗರಾಯನ ಮಗಳು ಚಂಪಾ ಬಂದಳು. ಪಕ್ಕದ ಊರಿನ ಆಸ್ಪತ್ರೆಯಲ್ಲಿ ನರ್ಸು. ರಾತ್ರಿ ಪಾಳಿ ಮುಗಿಸಿ ಬಂದ ಬಿಳಿ ಬಟ್ಟೆಯಲ್ಲೇ ಇದ್ದಳು, ಹೆಗಲಿನಲ್ಲಿ ಚೀಲವಿತ್ತು, ಕಣ್ಣು ಕೆಂಪಾಗಿತ್ತು.

"ಸಾಕತ್ತೆ, ಅಮ್ಮನ ಫೈಲು ಎತ್ತಿಕೊಡಿ. ನಾನು ಅಲ್ಲೇ ಆಸ್ಪತ್ರೆ ಹತ್ರ ರೂಮ್ ಮಾಡ್ತೀನಿ" ಅಂದಳು.

ನನ್ನ ಕೈಯಲ್ಲಿದ್ದ ಕಾಯಿ ಅಲ್ಲೇ ನಿಂತಿತು. ಸತ್ತ ತಾಯಿಯ ಫೈಲನ್ನು ಕೇಳುವ ಹಕ್ಕು ನಮ್ಮಲ್ಲಿ ಮಗಳಿಗಿದೆ, ಯಾರೂ ಇಲ್ಲವೆನ್ನುವಂತಿಲ್ಲ. ಆದರೆ ಎತ್ತಿದ ಮೇಲೆ ಎತ್ತಿದ ಹಾಗೆಯೇ. ಆ ಮನೆ ಮತ್ತೆ ಆ ಮಗಳ ಬೆರಳಿಗೆ ಬಗ್ಗುವುದಿಲ್ಲ. ಅಪ್ಪನ ಮನೆಗೆ ಅವಳು ಸಾಯುವ ತನಕ ಬಾಗಿಲು ತಟ್ಟಿ ಕಾದು ಒಳಗೆ ಹೋಗಬೇಕು. ನಾನು ಈ ಕೆಲಸಕ್ಕೆ ಬಂದ ಮೇಲೆ ಹಾಗೆ ಎತ್ತಿಕೊಟ್ಟದ್ದು ಒಮ್ಮೆ ಮಾತ್ರ, ಆ ಹುಡುಗಿ ತಂದೆಯ ತಿಥಿಗೂ ಬರಲಿಲ್ಲ.

"ಏನಾಯ್ತು ಅಂತ ಮೊದಲು ಹೇಳು. ಕೂತ್ಕೊ."

"ಆಗೋದೇನು, ನಮ್ಮನೇನೇ ನನ್ನ ಮುಖದ ಮೇಲೆ ಬಾಗಿಲು ಹಾಕ್ತು. ಇಷ್ಟು ದಿನ ಹಗಲು ಪಾಳಿ, ಸಂಜೆ ಬರೋ ಹೊತ್ತಿಗೆ ಬಾಗಿಲು ತೆಗೆದೇ ಇರೋದು. ಇವತ್ತು ಎರಡು ಚುಕ್ಕಿ ಒತ್ತಿದೆ. ಒಳಗೆ ಚಿಲಕ ಬಿತ್ತು. ತಪ್ಪು ಒತ್ತಿದೆನೇನೋ ಅಂತ ಇನ್ನೊಂದ್ಸಲ ಒತ್ತಿದೆ. ಮೇಲಿನ ಚಿಲಕಾನೂ ಬಿತ್ತು. ಎದುರುಮನೆಯವರು ರಂಗೋಲಿ ಹಾಕೋದು ಬಿಟ್ಟು ನನ್ನನ್ನೇ ನೋಡ್ತಾ ನಿಂತ್ರು."

ಆ ಎರಡು ಚುಕ್ಕಿಯ ಸಂಗತಿ ನನಗೆ ಗೊತ್ತಿತ್ತು. ಚಂಪಾ ಶಾಲೆಗೆ ಹೋಗುವ ಚಿಕ್ಕ ಹುಡುಗಿಯಾಗಿದ್ದಾಗ ಅವಳ ಕೈಗೆ ಹೊರಗಿನ ಕೀಬೋರ್ಡಿನ ಕೆಳಸಾಲು ಮಾತ್ರ ಎಟುಕುತ್ತಿತ್ತು. ಚುಕ್ಕಿಯ ಕೀ ಇರುವುದು ಆ ಸಾಲಿನಲ್ಲೇ. ಅವಳ ತಾಯಿ ರಂಗನಾಯಕಿ ತನ್ನ ಫೈಲಿನಲ್ಲಿ ಬರೆದಿಟ್ಟಳು: ಎರಡು ಚುಕ್ಕಿ ಒತ್ತಿದರೆ ಬಾಗಿಲು ತೆಗಿ, ಜಗಲಿಯ ದೀಪ ಹಚ್ಚು, ಬಚ್ಚಲ ಒಲೆ ಕಾಯಿಸು. ಹುಡುಗಿ ಬೆಳೆದು ಕೀಬೋರ್ಡಿಗಿಂತ ಎತ್ತರವಾದಳು, ತಾಯಿ ಕಾಯಿಲೆ ಬಿದ್ದು ತೀರಿಹೋಗಿ ವರ್ಷಗಳಾದವು, ಎರಡು ಚುಕ್ಕಿಗೆ ಮಾತ್ರ ಬಾಗಿಲು ತೆರೆಯುತ್ತಲೇ ಇತ್ತು.

"ಆಯಮ್ಮ ಬಂದು ಇನ್ನೂ ತಿಂಗಳಾಗಿಲ್ಲ" ಅಂದಳು ಚಂಪಾ. "ಅಷ್ಟರಲ್ಲೇ ನಮ್ಮಮ್ಮನ್ನ ಒರೆಸಿ ಹಾಕಿದಾರೆ."

ಆಯಮ್ಮ ಎಂದರೆ ಅಲಮೇಲು, ಪೇಟೆಯ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವವಳು. ಮದುವೆಯಾಗದೆ ಒಂಟಿಯಾಗಿಯೇ ಇದ್ದವಳು. ಚೆನ್ನಿಗರಾಯ ಪುಸ್ತಕದ ಬೈಂಡಿಂಗ್ ಮಾಡುವವನು, ಓದುವ ಕನ್ನಡಕ ಮಾಡಿಸಲು ಹೋಗಿ ಹೋಗಿ ಕೊನೆಗೆ ಮದುವೆಯಾದ. ತಲೆ ನರೆತ ಮೇಲೆ ಇದೆಲ್ಲ ಏನು ಅಂತ ಜನ ಆಡಿಕೊಂಡಾರೆಂದು ಇಬ್ಬರಿಗೂ ನಾಚಿಕೆ. ದೇವಸ್ಥಾನದಲ್ಲಿ ಹಾರ ಬದಲಾಯಿಸಿ ಮನೆಗೆ ಬಂದರು, ನನ್ನನ್ನು ಕರೆಯಲಿಲ್ಲ. ನನಗೆ ಒಳಗೊಳಗೇ ಸಿಟ್ಟಿತ್ತು, ಸುಳ್ಳು ಯಾಕೆ ಹೇಳಲಿ. ಮಗಳ ಮಾತು ಕೇಳಿ ಈಗ ಸಿಟ್ಟು ಇನ್ನಷ್ಟಾಯಿತು. ಹೋದವರ ಸಾಲನ್ನು ಅಳಿಸುವುದು ನಮ್ಮಲ್ಲಿ ಇಲ್ಲವೇ ಇಲ್ಲ. ವರ್ಷದ ತಿಥಿ ಆದ ಮೇಲೆ ಸಾಲಿನ ಮುಂದೆ ಒಂದು ಹ್ಯಾಶ್ ಗುರುತು ಹಾಕಿ ಮಲಗಿಸುತ್ತೇವೆ. ಸಾಲು ಇದ್ದಲ್ಲೇ ಇರುತ್ತದೆ, ಮನೆ ಅದನ್ನು ನಡೆಸುವುದಿಲ್ಲ, ಅಷ್ಟೆ. ಅವರೆಕಾಯಿಯ ಮೊರ ಪಕ್ಕಕ್ಕಿಟ್ಟು ಚಪ್ಪಲಿ ಮೆಟ್ಟಿಕೊಂಡೆ.

ಚೆನ್ನಿಗರಾಯನ ಬಾಗಿಲನ್ನು ಕೈಯಲ್ಲಿ ತಟ್ಟಿದೆವು. ಚಂಪಾ ತನ್ನದೇ ಮನೆಯ ಬಾಗಿಲು ತಟ್ಟಿದ್ದು ಅದೇ ಮೊದಲಿರಬೇಕು, ಎಷ್ಟು ಗಟ್ಟಿಯಾಗಿ ತಟ್ಟಬೇಕೆಂದು ಅವಳಿಗೆ ಗೊತ್ತಾಗಲಿಲ್ಲ. ಅಲಮೇಲು ಒದ್ದೆ ಕೈಯಲ್ಲೇ ಬಂದು ತೆಗೆದಳು. ಸಣ್ಣ ಮೈಯ ಹೆಂಗಸು, ಗಾಜಿನ ಪುಡಿ ತಾಕಿ ತಾಕಿ ಬೆರಳ ತುದಿ ಬೆಳ್ಳಗಾಗಿತ್ತು.

"ಬಂದ್ಯಾಮ್ಮ? ಹಿತ್ತಲಲ್ಲಿ ಬಟ್ಟೆ ಹಿಂಡ್ತಿದ್ದೆ. ಚಿಲಕ ಬಿದ್ದ ಸದ್ದು ಕೇಳಿ ಬಂದು ನೋಡೋಷ್ಟರಲ್ಲಿ ಯಾರೂ ಇರಲಿಲ್ಲ. ಬಿಸಿ ಬಿಸಿ ಉಪ್ಪಿಟ್ಟಿದೆ, ತಿನ್ನು" ಅಂದಳು.

ಚಂಪಾ ಒಳಗೆ ಬಂದಳು. ಬೆಂಚಿನ ತುದಿಯಲ್ಲಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು, ಬಸ್ಸಿಗೆ ಕಾಯುವವರ ಹಾಗೆ. ಚೆನ್ನಿಗರಾಯ ಕೆಲಸಕ್ಕೆ ಹೊರಟವನು ಊಟದ ಡಬ್ಬಿ ಹಿಡಿದುಕೊಂಡು ನಡುಮನೆಯಲ್ಲೇ ನಿಂತುಬಿಟ್ಟ. ನಾನು ಯಾರನ್ನೂ ಕೇಳದೆ ಒಳಗಿನ ಪರದೆಯಲ್ಲಿ ಫೈಲು ತೆಗೆದೆ.

ರಂಗನಾಯಕಿಯ ಒಂದು ಸಾಲೂ ಅಳಿಸಿರಲಿಲ್ಲ. ಒಂದಕ್ಕೂ ಹ್ಯಾಶ್ ಕೂಡ ಇರಲಿಲ್ಲ. ಅವಳದೆಲ್ಲ ಮೇಲಿತ್ತು, ಮುಗಿದ ಮೇಲೆ ಒಂದು ಖಾಲಿ ಸಾಲು, ಅದರ ಕೆಳಗೆ ಅಲಮೇಲುವಿನದು.

"ಇದನ್ನ ಇಲ್ಲಿ ಹಾಕಿದ್ದು ಯಾರು?" ಅಂತ ಕೇಳಿದೆ.

"ನಾನೇ" ಅಂದಳು ಅಲಮೇಲು. "ಇವರು ಎಲ್ಲಾದ್ರೂ ಹಾಕು ಅಂದ್ರು. ಅಕ್ಕನ ತಲೆ ಮೇಲೆ ಹೋಗಿ ಕೂತ್ಕೊಳೋಕಾಗತ್ತಾ? ನಾನು ಆಮೇಲೆ ಬಂದೋಳು. ಅವರ ಕಾಲ ಕೆಳಗೆ ಇರ್ಲಿ ಅಂತ ಕೊನೇಲಿ ಹಾಕಿದೆ."

ನನ್ನ ಸಿಟ್ಟೆಲ್ಲ ಜರ್ರನೆ ಇಳಿಯಿತು. ನನ್ನ ಕಸುಬಿನಲ್ಲಿ ಮೊದಲ ಪಾಠವೇ ಅದು: ಮನೆ ಫೈಲನ್ನು ಮೇಲಿನಿಂದ ಕೆಳಕ್ಕೆ ಓದುತ್ತದೆ. ಒಂದೇ ವಿಷಯಕ್ಕೆ ಎರಡು ಸಾಲಿದ್ದರೆ ಕೊನೆಗೆ ಓದಿದ್ದೇ ಅದಕ್ಕೆ ನೆನಪು. ಕೆಳಗಿನ ಸಾಲೇ ನಡೆಯುವುದು. ಜೀವಮಾನವಿಡೀ ಒಂದೇ ಫೈಲು ಇಟ್ಟುಕೊಂಡು, ಯಾರ ಸಾಲಿಗೂ ಜಗಳ ಬೀಳದೆ ಒಂಟಿಯಾಗಿ ಬದುಕಿದವಳಿಗೆ ಅದು ಗೊತ್ತಾಗುವುದಾದರೂ ಹೇಗೆ? ಪಾದದ ಬಳಿ ಕೂರುತ್ತೇನೆಂದು ಹೋಗಿ ಪೂರ್ತಿ ಮನೆಯ ಯಜಮಾನಿಕೆಯನ್ನೇ ಕೈಗೆ ತೆಗೆದುಕೊಂಡಿದ್ದಳು ಪುಣ್ಯಾತ್ಮಗಿತ್ತಿ. ಇದನ್ನೆಲ್ಲ ನಾನು ಬಿಡಿಸಿ ಹೇಳಿದೆ.

"ಅತಿವಿನಯಂ ಧೂರ್ತಲಕ್ಷಣಂ" ಅಂದಳು ಚಂಪಾ, ಗೋಡೆಯ ಕಡೆ ನೋಡುತ್ತ.

"ಬಾಯಿ ಮುಚ್ಚು. ರೋಗಿಗಳ ಹತ್ರಾನೂ ಹಿಂಗೇ ಮಾತಾಡ್ತೀಯಾ?" ಅಂತ ಗದರಿದೆ.

ಅಲಮೇಲು ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಲೇ ಇದ್ದಳು. ಕೈ ಒಣಗಿ ಎಷ್ಟೋ ಹೊತ್ತಾಗಿತ್ತು. "ನಾನು ಏನು ಅಂದ್ಕೊಂಡಿದ್ದೆ ಗೊತ್ತಾ ಸಾಕಮ್ಮ? ಬಂದ ದಿನದಿಂದ ಮನೆ ನಾನು ಹೇಳಿದ್ದೆಲ್ಲ ಕೇಳ್ತಿತ್ತು. ನನ್ನ ಹೊತ್ತಿಗೇ ದೀಪ, ನನ್ನ ಹೊತ್ತಿಗೇ ನೀರು. ಅಕ್ಕನ ಮನೆ ನನ್ನ ಒಪ್ಕೊಂಡುಬಿಡ್ತು ಅಂದ್ಕೊಂಡೆ. ದೇವರಿಗೆ ತುಪ್ಪದ ದೀಪ ಹಚ್ಚಿದೆ." ಕೈ ಒರೆಸುವುದನ್ನು ನಿಲ್ಲಿಸಿ, "ನಂದನ್ನ ಪೂರ್ತಿ ತೆಗೆದುಬಿಡಿ" ಅಂದಳು.

"ತೆಗೆದ್ರೆ ಈ ಮನೇಲಿ ಒಂದು ದೀಪ ಹಾಕೋಕೂ ಇವರನ್ನ ಕರೀಬೇಕು ನೀವು."

"ಕರೀತೀನಿ. ಮಗಳು ಹೊರಗೆ ನಿಲ್ಲಬಾರದು."

ಚೆನ್ನಿಗರಾಯ ಇನ್ನೂ ಡಬ್ಬಿ ಹಿಡಿದುಕೊಂಡೇ ನಿಂತಿದ್ದ. ನನಗೆ ತಡೆಯಲಾಗಲಿಲ್ಲ. "ಅಣ್ಣ, ನಿಮ್ಮ ಬಾಯಲ್ಲೇನು ಕಡುಬಿದೆಯಾ?" ಅಂದೆ.

"ನಾನು ಯಾವ ಕಡೆ ಮಾತಾಡಿದ್ರೂ ಒಬ್ಬರಿಗೆ ನೋವಾಗತ್ತೆ ಸಾಕಮ್ಮ" ಅಂದ.

ಇದಕ್ಕೆ ಒಂದೇ ದಾರಿ. ಮದುವೆಯ ಮಾರನೆಯ ದಿನ ಆಗಬೇಕಿದ್ದದ್ದು ಈಗ ಆಗಬೇಕು. ಅಲಮೇಲುವನ್ನು ಬೆಂಚಿನ ಈಚೆ ತುದಿಗೆ ಕೂರಿಸಿದೆ. ರಂಗನಾಯಕಿಯ ಪರವಾಗಿ ಮಾತಾಡಬೇಕಾದವಳು ಮಗಳು, ಅವಳು ಆಚೆ ತುದಿಯಲ್ಲಿ ಆಗಲೇ ಕೂತಿದ್ದಳು.

"ನಾನು ಕೂಡಿಸೋಕೆ ಬಂದಿಲ್ಲ ಸಾಕತ್ತೆ. ಎತ್ಕೊಂಡು ಹೋಗೋಕೆ ಬಂದಿದೀನಿ" ಅಂದಳು ಚಂಪಾ.

"ಎತ್ತಿಕೊಡ್ತೀನಿ ಕಣೆ. ಎರಡೂ ಒಂದೇ ಫೈಲಲ್ಲಿದೆ. ಯಾವುದು ಯಾರದು ಅಂತ ಓದದೆ ಎತ್ತಿದ್ರೆ ಇವರದ್ದೂ ನಿನ್ನ ರೂಮಿಗೆ ಬರತ್ತೆ, ಬೇಕಾ? ಓದಿ ಮುಗಿಸೋವರೆಗೂ ಕೂತ್ಕೊ." ಇದರಲ್ಲಿ ಅರ್ಧ ನಿಜ, ಅರ್ಧ ನನ್ನ ಕಿತಾಪತಿ.

ಅಡುಗೆಮನೆಯಿಂದ ಶುರು ಮಾಡಿದೆ. ಅದಕ್ಕೊಂದು ಬೇರೆ ಫೈಲು ತೆರೆದು ಓದಿದೆ. ಕೋಳಿ ಕೂಗುವ ಮುಂಚೆ ಅಡುಗೆಮನೆಯ ದೀಪ ಹಚ್ಚು, ಇದು ರಂಗನಾಯಕಿಯದು. ಬಿಸಿಲು ಬಂದ ಮೇಲೆ ಸಾಕು, ಇದು ಅಲಮೇಲುವಿನದು.

ಆಗ ಚೆನ್ನಿಗರಾಯ ಡಬ್ಬಿ ಕೆಳಗಿಟ್ಟ. "ಆ ದೀಪ ಅವಳು ಹೋದ ಮೇಲೂ ದಿನಾ ಹತ್ತುತಿತ್ತು. ಖಾಲಿ ಅಡುಗೆಮನೇಲಿ. ನಾನು ಹಾಸಿಗೇಲೇ ಮಲಗಿ ಬಾಗಿಲ ಸಂದೀಲಿ ಆ ಬೆಳಕು ನೋಡ್ತಿದ್ದೆ. ಒಂದು ಹ್ಯಾಶ್ ಹಾಕಬೇಕು ಅಂತ ಎಷ್ಟೋ ಸಲ ಪರದೆ ಮುಂದೆ ನಿಂತೆ. ಆಗಲಿಲ್ಲ."

ಚಂಪಾ ಅಪ್ಪನ ಮುಖವನ್ನು ನೋಡಿದಳು. ಅವನು ಇದನ್ನು ಅವಳಿಗೆ ಎಂದೂ ಹೇಳಿರಲಿಲ್ಲ ಅನ್ನುವುದು ಅವಳ ಮುಖದಲ್ಲೇ ಗೊತ್ತಾಯಿತು. ಅವಳು ಚೀಲವನ್ನು ತೊಡೆಯಿಂದ ಇಳಿಸಿ, ಕೈ ಚಾಚಿ, ತಾಯಿಯ ಆ ಸಾಲಿನ ಮುಂದೆ ತಾನೇ ಹ್ಯಾಶ್ ಒತ್ತಿದಳು. ಅಲಮೇಲುವಿನ ಬೆರಳನ್ನು ಕಾಯದೆ ಒಬ್ಬಳೇ ಎಂಟರ್ ಒತ್ತಿದಳು. ಹೋದವರ ಸಾಲನ್ನು ಮಲಗಿಸುವಾಗ ಒಂದೇ ಬೆರಳು ಸಾಕು, ಅದು ಸರಿಯಾಗಿಯೇ ಇತ್ತು.

ಬಚ್ಚಲು ಮುಗಿಯಿತು, ನಡುಮನೆ ಮುಗಿಯಿತು. ಕೆಲವಕ್ಕೆ ಜಗಳವಿರಲಿಲ್ಲ, ಅವನ್ನು ಓದುತ್ತ ಹೋದೆ. ಅಲಮೇಲುವಿನದರಲ್ಲಿ ಒಂದು ಸಾಲು ಬಂತು: ಮನೆಯಲ್ಲಿ ಯಾರೂ ಇಲ್ಲದಿದ್ದರೆ ರೇಡಿಯೋ ಹಚ್ಚಿಡು.

"ಯಾರೂ ಇಲ್ಲದಾಗ ಯಾಕೆ?" ಅಂದಳು ಚಂಪಾ. ಬಂದಾಗಿನಿಂದ ಅವಳು ಅಲಮೇಲುವಿಗೆ ಆಡಿದ ಮೊದಲ ಮಾತು ಅದು.

ಅಲಮೇಲುವಿಗೆ ನಾಚಿಕೆಯಾಯಿತು. "ಸಂಜೆ ಕೆಲಸ ಮುಗಿಸಿ ಬಂದು ಬಾಗಿಲು ತೆಗೆದಾಗ ಒಳಗೆ ಯಾರೋ ಮಾತಾಡ್ತಿರ್ಲಿ ಅಂತ. ಎಷ್ಟೋ ಬಾಡಿಗೆ ಮನೆ ಬದಲಾಯಿಸಿದೀನಿ. ಇದೊಂದು ಸಾಲು ಎಲ್ಲ ಕಡೆಗೂ ತಗೊಂಡು ಹೋದೆ. ಹುಚ್ಚು ಅಂದ್ಕೋಬೇಡ."

ನಾನೂ ಒಂಟಿ, ನನ್ನ ಮನೆಯಲ್ಲಿ ರೇಡಿಯೋ ಕೂಡ ಇಲ್ಲ.

ಕೊನೆಗೆ ಬಾಗಿಲು. ಎರಡೂ ಸಾಲನ್ನು ಪರದೆಯ ಮೇಲೆ ನಿಲ್ಲಿಸಿದೆ. ಎರಡು ಚುಕ್ಕಿ ಒತ್ತಿದರೆ ಬಾಗಿಲು ತೆಗಿ, ದೀಪ ಹಚ್ಚು, ಒಲೆ ಕಾಯಿಸು. ಎರಡು ಚುಕ್ಕಿ ಒತ್ತಿದರೆ ಚಿಲಕ ಹಾಕು, ಮತ್ತೆ ಒತ್ತಿದರೆ ಮೇಲಿನ ಚಿಲಕವನ್ನೂ ಹಾಕು.

"ಅಕ್ಕಂದೇ ಇರ್ಲಿ" ಅಂದಳು ಅಲಮೇಲು ತಕ್ಷಣ.

"ಅದು ಹಂಗಲ್ಲ. ಯಾಕೆ ಬರೆದ್ರಿ ಅಂತ ಹೇಳದೆ ಬಿಟ್ಟುಕೊಡೋ ಹಾಗಿಲ್ಲ" ಅಂದೆ. ಹಾಗೊಂದು ನಿಯಮವಿಲ್ಲ, ಆ ಕ್ಷಣದಲ್ಲಿ ನಾನೇ ಮಾಡಿದ್ದು.

ಅಲಮೇಲು ತನ್ನ ಬೆರಳುಗಳನ್ನು ನೋಡಿಕೊಂಡಳು. "ಹಿಂದೆ ಇದ್ದ ವಠಾರದಲ್ಲಿ ಪಕ್ಕದ ಮನೆಯೋನು ಕುಡಿದು ಬಂದು ಬಾಗಿಲು ತಳ್ಳೋನು. ಎದ್ದು ಓಡಿ ಬರ್ತಿದ್ದೆ. ಕೈ ನಡುಗ್ತಿರೋವಾಗ ಬೇರೆ ಯಾವ ಕೀಯೂ ಸಿಗ್ತಿರಲಿಲ್ಲ. ಕೆಳಗಿನ ಸಾಲಲ್ಲಿ ತಡಕಾಡಿದ್ರೆ ಚುಕ್ಕಿ ಸಿಗೋದು. ಅದಕ್ಕೇ. ಈಗ ಆ ಭಯ ಏನಿಲ್ಲ. ಒತ್ತದೆ ಮಲಗಿದ್ರೆ ನಿದ್ದೆ ಬರಲ್ಲ, ಅಷ್ಟೆ."

ಚೆನ್ನಿಗರಾಯ ಗೋಡೆಗೊರಗಿ ನೆಲದ ಮೇಲೆ ಕೂತುಬಿಟ್ಟ. ಚಂಪಾ ಪರದೆಯನ್ನೇ ನೋಡುತ್ತಿದ್ದಳು. ಒಬ್ಬಳದು ಎಟುಕದ ಪುಟ್ಟ ಕೈ, ಒಬ್ಬಳದು ನಡುಗುವ ಕೈ, ಇಬ್ಬರಿಗೂ ಸಿಕ್ಕಿದ್ದು ಅದೇ ಒಂದು ಕೀ. ನನಗೆ ಹೊಳೆದದ್ದು ಅವಳಿಗೂ ಹೊಳೆಯಿತೋ ಏನೋ, ಆಸ್ಪತ್ರೆಯಲ್ಲಿ ಏನೇನು ನೋಡಿರುತ್ತಾಳೋ, ನನಗೆ ಗೊತ್ತಿಲ್ಲ. ಅವಳೇ ಪರದೆಯ ಕಡೆ ಬೆರಳು ಮಾಡಿ ಕೇಳಿದಳು.

"ಅಮ್ಮಂದು ಹೊರಗಿನ ಕೀಬೋರ್ಡಲ್ಲಿ ಒತ್ತೋದು. ಇವರದ್ದು ಒಳಗಿನದರಲ್ಲಿ. ಎರಡಕ್ಕೂ ಬೇರೆ ಬೇರೆ ಫೈಲು ಮಾಡಿದ್ರೆ ಜಗಳ ಎಲ್ಲಿ ಬರತ್ತೆ ಸಾಕತ್ತೆ?"

ಎಲ್ಲೂ ಬರುವುದಿಲ್ಲ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಬೇರೆ ಬೇರೆ ಫೈಲು ಮಾಡಿ ಅಂತ ಊರಿಗೆಲ್ಲ ಬಾಯಿ ಬಡಿದುಕೊಳ್ಳುವ ನನಗೇ ಅಷ್ಟು ಹೊತ್ತು ಅದು ತೋಚಿರಲಿಲ್ಲ, ಕಣ್ಣು ಮಂಜಾಗಿತ್ತು. ಹೊರಬಾಗಿಲಿಗೊಂದು, ಒಳಬಾಗಿಲಿಗೊಂದು ಫೈಲು ಮಾಡಿದೆ. ಇಬ್ಬರೂ ಒತ್ತಿ ಅಂದೆ. ಗಾಜಿನ ಪುಡಿಯ ಬೆರಳು ಮೊದಲು ಬಂದು ಎಂಟರ್ ಕೀಯ ಒಂದು ಮೂಲೆಯಲ್ಲಿ, ಜಾಗ ಬಿಟ್ಟುಕೊಂಡು, ಕೂತಿತು. ಚಂಪಾಳ ಬೆರಳು ತಡವಾಗಿ ಬಂತು, ಆದರೆ ಬಂತು.

"ತಾಯಿಯ ಫೈಲು ಎತ್ತಲಾ?" ಅಂತ ಕೇಳಿದೆ. ಕೇಳುವುದು ನನ್ನ ಕರ್ತವ್ಯ.

"ಇವತ್ತು ಬೇಡ. ನಿದ್ದೆ ಬರ್ತಿದೆ" ಅಂದು ಚೀಲ ಎತ್ತಿಕೊಂಡು ತನ್ನ ಕೋಣೆಗೆ ಹೋದಳು. ಉಪ್ಪಿಟ್ಟು ಮುಟ್ಟಲಿಲ್ಲ. ನನಗೆ ಹಸಿವಾಗಿತ್ತು, ಆ ತಟ್ಟೆಯನ್ನು ನಾನೇ ಖಾಲಿ ಮಾಡಿದೆ.

ಆಮೇಲೆ ಮಳೆಗಾಲ ಬಂದು ಹೋಯಿತು. ಚಂಪಾ ಫೈಲು ಕೇಳಿಕೊಂಡು ಬರಲಿಲ್ಲ, ನಾನೂ ವಿಚಾರಿಸಲಿಲ್ಲ. ಕೂಡಿಸಿದ ಮನೆಗಳಿಗೆ ಒಮ್ಮೆ ಹೋಗಿ ಫೈಲು ಸರಿಯಿದೆಯೇ ನೋಡಿ ಬರುವುದು ನನ್ನ ಪದ್ಧತಿ. ಹಾಗೆ ಒಂದು ಸಂಜೆ ಚೆನ್ನಿಗರಾಯನ ಜಗಲಿ ಹತ್ತಿ ಹೊಸ್ತಿಲ ಮುಂದೆ ನಿಂತೆ. ಬಾಗಿಲು ತಟ್ಟಲು ಕೈ ಎತ್ತುವಷ್ಟರಲ್ಲಿ ಹೊರಗಿನ ಪರದೆ ಬೆಳಗಿ ಅಕ್ಷರ ಮೂಡಿತು: ಚಿಕ್ಕಮ್ಮ, ಬಂದ್ರಾ? ಸಾರು ಒಲೆ ಮೇಲಿದೆ, ಬಿಸಿ ಮಾಡ್ಕೊಳಿ.

ನಾನು ಹಿಂದೆ ತಿರುಗಿ ನೋಡಿದೆ. ಹಿಂದೆ ಯಾರೂ ಇರಲಿಲ್ಲ.

ಅಲಮೇಲು ಮನೆಯಲ್ಲೇ ಇದ್ದಳು, ಒಳಗೆ ಕರೆದು ಮಣೆ ಹಾಕಿದಳು. ನಾನು ಕೂರದೆ ನೇರವಾಗಿ ಫೈಲು ತೆಗೆದೆ. ನಾನು ಮಾಡಿಟ್ಟ ಫೈಲುಗಳೆಲ್ಲ ಇದ್ದ ಹಾಗೇ ಇದ್ದವು. ಎಲ್ಲಕ್ಕಿಂತ ಕೆಳಗೆ ಒಂದು ಹೊಸದಿತ್ತು, ಚಂಪಾಳ ಹೆಸರಿನದು. ತಾಯಿಯ ಫೈಲಿನಲ್ಲೇ ಬೆಳೆದ ಹುಡುಗಿ ತನ್ನದೆಂದು ಬರೆದ ಮೊದಲ ಫೈಲು, ಅದರಲ್ಲಿ ಇದ್ದದ್ದೇ ಎರಡು ಸಾಲು. ಇನ್ನು ರೇಡಿಯೋ ಹಚ್ಚಬೇಡ ಅನ್ನುವುದು ಒಂದು. ಕಾಲು ಹೊಸ್ತಿಲ ಮುಂದೆ ಬಂದರೆ ಹೀಗೆ ಬರೆ ಅನ್ನುವುದು ಇನ್ನೊಂದು. ಬಂದವರು ಯಾರು ಅಂತ ನೋಡುವ ಷರತ್ತು ಹಾಕುವುದನ್ನೇ ಮರೆತಿದ್ದಳು. ಮನೆಯಲ್ಲಿ ಜನ ಇದ್ದಾರೋ ಇಲ್ಲವೋ ಅನ್ನುವುದೂ ಇಲ್ಲ. ಇಂಥ ಸಾಲನ್ನು ನೋಡಿದರೆ ನನಗೆ ಅನ್ನ ಇಳಿಯುವುದಿಲ್ಲ. ಕೈ ಆಗಲೇ ಕೀಬೋರ್ಡಿನ ಮೇಲಿತ್ತು.

"ಸಾಕಮ್ಮ, ಅದನ್ನ ಮುಟ್ಟಬೇಡಿ" ಅಂದಳು ಅಲಮೇಲು.

"ಯಾರು ಬಂದ್ರೂ ಚಿಕ್ಕಮ್ಮ ಅನ್ನತ್ತಲ್ರೀ ಇದು."

"ಗೊತ್ತು. ಹಾಲಿನೋನಿಗೂ ಅನ್ನತ್ತೆ. ಪೋಸ್ಟಿನೋರು ಸಾರು ಎಲ್ಲಿ ಅಂತ ಕೇಳಿದ್ರು." ನಗುತ್ತ ಅಂದವಳು ನಗು ನಿಲ್ಲಿಸಿ, ತಗ್ಗಿದ ದನಿಯಲ್ಲಿ ಹೇಳಿದಳು. "ಎದುರಿಗೆ ಸಿಕ್ಕಾಗ ಅವಳಿಗೆ ಇನ್ನ ನಾಲಗೆ ಹೊರಳಲ್ಲ. ಏನ್ರೀ ಅಂತಾಳೆ, ಇಲ್ಲಾಂದ್ರೆ ಹಂಗೇ ಮಾತಾಡ್ತಾಳೆ. ನನ್ನ ಹಾಗೆ ಕರೆದಿರೋದು ಅಲ್ಲೊಂದು ಕಡೆ ಮಾತ್ರ. ನೀವು ಸರಿ ಮಾಡೋಕೆ ಹೋಗಿ ಏನಾದ್ರೂ ಹೆಚ್ಚುಕಮ್ಮಿ ಆದ್ರೆ?"

ನನ್ನ ಕೈಯಲ್ಲಿ ಸಾಲು ಕೆಟ್ಟದ್ದು ಈವರೆಗೆ ಇಲ್ಲ. ಆದರೂ ಫೈಲು ಮುಚ್ಚಿದೆ. ಕಾಫಿ ಕುಡಿದು, ಅವಳ ಅಂಗಡಿಯ ಸುದ್ದಿ ಕೇಳಿ, ಹೊರಟು ಜಗಲಿ ಇಳಿದ ಮೇಲೆ ನೆನಪಾಯಿತು, ಕನ್ನಡಕ ಒಳಗೇ ಬಿಟ್ಟಿದ್ದೆ. ವಾಪಸು ಹತ್ತಿದೆ. ಪರದೆ ಮತ್ತೆ ಬೆಳಗಿತು. ಕನ್ನಡಕವಿಲ್ಲದೆ ಅಕ್ಷರ ಕಲಸಿಹೋದಂತಿತ್ತು, ಆದರೆ ಏನಿದೆಯೆಂದು ನನಗೆ ಗೊತ್ತಿತ್ತಲ್ಲ. ಬಾಯಿಮಾತಿಗೆ ಬಗ್ಗದ ಮನೆಗೆ ನಾನು ಬಾಯಲ್ಲೇ, ಮೆಲ್ಲಗೆ, "ಬಂದೆ ಕಣಮ್ಮ" ಅಂದೆ.

ಬಾಗಿಲ ಹಿಂದೆ ಕನ್ನಡಕ ಹಿಡಿದು ನಿಂತಿದ್ದ ಅಲಮೇಲುವಿಗೆ ಕೇಳಿಸಿಬಿಟ್ಟಿತ್ತು. "ನೀವೂನಾ?" ಅಂದಳು.